ಡಿಪೋ ಹಿಂದಿನ ಊಟದ ಮನೆ

ಲಾಡ್ಜಿನ ಗಾಜಿನ ಲೋಟವನ್ನು ಹಾಸ್ಟೆಲಕ್ಕ ಮೂರನೆಯ ಸಲ ಉಜ್ಜುತ್ತಿದ್ದಳು. ಮೊದಲ ಸಲ ಲಾಡ್ಜಿನವರು ಇಟ್ಟಿದ್ದ ಸೋಪಿನಿಂದ, ಎರಡನೆಯ ಸಲ ಮನೆಯಿಂದ ಕಾಗದದಲ್ಲಿ ಸುತ್ತಿ ತಂದ ಸೋಪಿನಿಂದ, ಈಗ ಬರೀ ಬಿಸಿನೀರಿನಿಂದ. ಉಜ್ಜಿ ಮುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಯಾರದೋ ತುಟಿಯ ಗುರುತು ಇನ್ನೂ ಇದ್ದ ಹಾಗೆ ಕಂಡಿತು.

"ಅತ್ತಿಗೆ, ಆ ಲೋಟ ಸವೆದುಹೋಗುತ್ತೆ," ಮಂಚದ ಮೇಲೆ ಕಾಲು ಚಾಚಿಕೊಂಡಿದ್ದ ನಾದಿನಿ ಹೇಳಿದಳು. "ಆಮೇಲೆ ಹೊಸದು ನಾವೇ ಕೊಡಿಸಬೇಕಾಗುತ್ತೆ."

"ಸುಮ್ನಿರೇ. ನಿನ್ನೆ ಇದರಲ್ಲಿ ಯಾರು ಏನು ಕುಡಿದಿದ್ರೋ."

"ಯಾರೋ ನೀರು ಕುಡಿದಿರ್ತಾರೆ."

"ನೀರು ಅಂತ ನಿಂಗೆ ಬಂದು ಹೇಳಿದವರು ಯಾರು?"

ನಾದಿನಿ ನಕ್ಕಳು. ನಕ್ಕರೆ ಅವಳ ಬಾಯಲ್ಲಿ ಒಸಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇಬ್ಬರೂ ಈ ದೊಡ್ಡ ಊರಿಗೆ ಬಂದದ್ದೇ ಆ ಬಾಯಿಯ ಸಲುವಾಗಿ. ದಂತ ಕಾಲೇಜಿನಲ್ಲಿ ಇವತ್ತು, ಸೋಮವಾರ, ಅಳತೆ ತೆಗೆದುಕೊಂಡಿದ್ದರು; ಹಲ್ಲಿನ ಸೆಟ್ಟು ಗುರುವಾರ ಕೊಡುತ್ತೇವೆ ಎಂದಿದ್ದರು. ನಡುವೆ ಹೋಗಿ ಬರಲು ಅವರ ಊರೇನು ಪಕ್ಕದ ಬೀದಿಯಲ್ಲಿರಲಿಲ್ಲ. ಹಾಗಾಗಿ ಲಾಡ್ಜು.

ಇದಕ್ಕೆ ನಾದಿನಿಯದೇ ಒಂದು ಯೋಜನೆ ಇತ್ತು. ಎರಡು ವರ್ಷದಿಂದ ತಾನು ಊಟ ನುಂಗಿದ್ದೇನೆಯೇ ಹೊರತು ಅಗಿದಿಲ್ಲ, ಗುರುವಾರ ಹಲ್ಲು ಕೂಡಿಸಿಕೊಂಡ ತಕ್ಷಣ ಈ ಊರಿನ ಅತಿ ಒಳ್ಳೆಯ ಊಟದ ಮುಂದೆ ಕೂತು ಅಗಿಯಬೇಕು ಎಂದು ಬಸ್ಸಿನಲ್ಲಿಯೇ ಹೇಳಿದ್ದಳು. ಅಲ್ಲಿಯವರೆಗೆ ಗಂಜಿ ಕುಡಿದುಕೊಂಡು ಆ ಜಾಗ ಯಾವುದೆಂದು ಹುಡುಕಿಡಬೇಕು. ಹುಡುಕುವ ಹೊಣೆ ಅತ್ತಿಗೆಯದು.

ಹಾಸ್ಟೆಲಕ್ಕನಿಗೆ ಅವಳ ಊರಿನಲ್ಲಿ ಬೇರೆ ಹೆಸರಿದ್ದದ್ದು ಜನರಿಗೆ ಮರೆತೇ ಹೋಗಿತ್ತು. ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ, ದಿನಕ್ಕೆ ನೂರಿಪ್ಪತ್ತು ಹೊಟ್ಟೆಗೆ ಬೇಯಿಸಿ ಹಾಕಿದವಳು. ಅಂಥವಳು ಹೊರಗಿನ ಊಟವನ್ನು ನಂಬುವುದುಂಟೇ. ಮುಂಬಾಗಿಲಿನಿಂದ ಹೋಟೆಲಿಗೆ ಹೋಗುವವರೆಲ್ಲ ಮೋಸ ಹೋಗುತ್ತಾರೆ ಎಂಬುದು ಅವಳ ತೀರ್ಮಾನ. ಮೊದಲು ಹಿಂದಿನ ಓಣಿಗೆ ಹೋಗಬೇಕು. ಪಾತ್ರೆ ತೊಳೆದ ನೀರು ಎತ್ತ ಹರಿಯುತ್ತದೆ, ಮೇಜು ಒರೆಸುವ ಬಟ್ಟೆ ಬಿಸಿಲಿಗೆ ಬಿದ್ದಿದೆಯೋ ಮೂಲೆಯಲ್ಲಿ ಮುದ್ದೆಯಾಗಿದೆಯೋ, ತರಕಾರಿ ಸಿಪ್ಪೆ ಇವತ್ತಿನದೋ ಮೊನ್ನೆಯದೋ ನೋಡಬೇಕು. ಅಡುಗೆಯವನು ತಾನು ಬೇಯಿಸಿದ್ದನ್ನೇ ಉಣ್ಣುತ್ತಾನೋ ಮನೆಯಿಂದ ಡಬ್ಬಿ ತಂದಿದ್ದಾನೋ ವಿಚಾರಿಸಬೇಕು. ಡಬ್ಬಿ ಕಂಡರೆ ಅಲ್ಲಿಂದಲೇ ಕಾಲಿಗೆ ಬುದ್ಧಿ ಹೇಳಬೇಕು.

ಇದೆಲ್ಲ ನಾದಿನಿಗೆ ಗೊತ್ತಿದ್ದ ಮಾತು. ಗೊತ್ತಿಲ್ಲದ್ದು ಹಾಸ್ಟೆಲಕ್ಕನ ಕೈಚೀಲದ ಅಡಿಯಲ್ಲಿತ್ತು: ಬಂದದ್ದೊಂದು ಕಾಗದ, ಹೋಗದ್ದೊಂದು ಲಕೋಟೆ.

ಈ ಊರಿನಿಂದಲೇ ಆ ಕಾಗದ ಬಂದು ಐದು ತಿಂಗಳಾಗಿತ್ತು. ಹಾಸ್ಟೆಲ್ ಅಡುಗೆಮನೆಯಲ್ಲಿ ಹದಿನೈದು ವರ್ಷ ಅವಳ ಪಕ್ಕದಲ್ಲೇ ದುಡಿದಿದ್ದ ಕುಳ್ಳಿ ಬರೆಸಿದ್ದು. ದೊಡ್ಡ ಹಂಡೆಗೆ ಸೌಟು ಹಾಕಲು ಮಣೆಯ ಮೇಲೆ ಹತ್ತಿ ನಿಲ್ಲಬೇಕಾಗಿದ್ದ ಹೆಂಗಸು. ಓದು ಬರಹ ಬಾರದು; ಯಾರ ಕೈಯಲ್ಲೋ ಬರೆಸಿದ್ದಳು. "ಅಕ್ಕಾ, ಇಲ್ಲಿ ಬಸ್ ಡಿಪೋ ಹಿಂದೆ ಊಟದ ಮನೆ ನಡೆಸ್ತಾ ಇದ್ದೀನಿ. ನಂಗೆ ಕಣ್ಣು ಮಂಜಾಗಿದೆ. ಉಗ್ರಾಣ ನೋಡ್ಕೊಳ್ಳೋಕೆ ನಂಬಿಕೆಯವರು ಬೇಕು. ನೀನು ಬಾ. ಬೀಗದಕೈ ನಿನ್ನ ಸೊಂಟಕ್ಕೇ."

ಆ ಕೊನೆಯ ಮಾತು ಹಾಸ್ಟೆಲಕ್ಕನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಒಂಬತ್ತು ವರ್ಷದ ಹಿಂದೆ ಹಾಸ್ಟೆಲಿನ ಉಗ್ರಾಣದಲ್ಲಿ ಒಂದೇ ತಿಂಗಳಲ್ಲಿ ಒಂದು ಮೂಟೆ ಅಕ್ಕಿ ಕಡಿಮೆ ಬಿದ್ದಿತ್ತು. ವಾರ್ಡನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದಾಗ ಹಾಸ್ಟೆಲಕ್ಕ ಹೇಳಿದ್ದು ಒಂದೇ ಮಾತು: "ಬೀಗದಕೈ ಅವಳ ಸೊಂಟದಲ್ಲೇ ಇರ್ತಿತ್ತು." ಸುಳ್ಳಲ್ಲ. ಕಳ್ಳಿ ಎಂದು ಅವಳ ಬಾಯಿಂದ ಬರಲೂ ಇಲ್ಲ. ಆದರೆ ಆ ಸಂಜೆ ಕುಳ್ಳಿ ಎಲ್ಲರ ಎದುರಿಗೆ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಅಂಥವಳು ಈಗ ಕರೆದು ಬೀಗದಕೈ ಕೊಡುತ್ತೇನೆ ಎನ್ನುತ್ತಾಳಲ್ಲ, ಏಕೆ. ಸೊಂಟಕ್ಕೆ ಸಿಕ್ಕಿಸಿ, ಒಂದು ತಿಂಗಳು ಬಿಟ್ಟು ತಾನೇ ಒಂದು ಮೂಟೆ ಮಾಯಮಾಡಿ, ನಾಲ್ಕು ಜನರ ಮುಂದೆ ಅದೇ ಮಾತನ್ನು ತನಗೆ ತಿರುಗಿಸಿ ಹೇಳುವುದಕ್ಕಲ್ಲವೇ. ಹಾಗೆಂದು ಆ ಕಾಗದವನ್ನು ಹರಿದು ಎಸೆಯಲೂ ಆಗಲಿಲ್ಲ. ಕೆಲಸ ಬಿಟ್ಟು ಮೂರು ವರ್ಷವಾದರೂ ಬೆಳಗಿನ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಎದ್ದು ಮಾಡುವುದೇನೂ ಇಲ್ಲದೆ ಸೂರು ನೋಡುತ್ತ ಮಲಗಿರುವುದು ಅವಳಿಗೆ ಸೆರೆಮನೆಯಾಗಿತ್ತು. ಹೋದರೆ ಮತ್ತೆ ಒಂದು ಅಡುಗೆಮನೆ ಸಿಗುತ್ತದೆ. ಹೋಗಿ ಬಲೆಗೆ ಬಿದ್ದರೆ ಈ ವಯಸ್ಸಿನಲ್ಲಿ ಕಳ್ಳಿ ಅನ್ನಿಸಿಕೊಳ್ಳಬೇಕು. ಲಕೋಟೆಗೆ ವಿಳಾಸ ಬರೆದು, ಅಂಚೆಚೀಟಿ ಹಚ್ಚಿ, ಒಳಗೇನು ಹಾಕುವುದೆಂದು ತಿಳಿಯದೆ ಐದು ತಿಂಗಳಿಂದ ಖಾಲಿಯೇ ಇಟ್ಟುಕೊಂಡಿದ್ದಳು. ನಾದಿನಿಯ ಹಲ್ಲಿನ ನೆಪ ಬಂದಾಗ, ಹೋಗಿ ಕಣ್ಣಾರೆ ಕಂಡು ಬರೋಣ ಎಂದು ಹೊರಟಿದ್ದಳು.

ಅಂದು ಸಂಜೆ ಲಾಡ್ಜಿನ ಮ್ಯಾನೇಜರು ತಾನಾಗಿಯೇ ಮಾತು ತೆಗೆದ. "ಊಟಕ್ಕೆ ಎದುರಿನ ಹೋಟೆಲಿಗೆ ಹೋಗಿ ಅಮ್ಮಾ. ನನ್ನ ಹೆಸರು ಹೇಳಿ, ಚೆನ್ನಾಗಿ ನೋಡ್ಕೋತಾರೆ."

"ಹೇಳದಿದ್ರೆ ಹೇಗೆ ನೋಡ್ಕೋತಾರಪ್ಪಾ?" ಹಾಸ್ಟೆಲಕ್ಕ ಕೇಳಿದಳು.

ನಾದಿನಿಯ ಕಾಟಕ್ಕೆ ಎದುರಿನ ಹೋಟೆಲಿಗೆ ಹೋದದ್ದೂ ಆಯಿತು. ಗೋಡೆಯ ತುಂಬ ಊಟದ ಚಿತ್ರಗಳು, ಒಂದೊಂದು ತಟ್ಟೆಯೂ ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡಿತ್ತು.

"ಈ ಸೂಪು ಯಾವಾಗ ಮಾಡಿದ್ದು?"

"ಬೆಳಿಗ್ಗೆ ಅಮ್ಮಾ," ಎಂದ ಬಡಿಸುವವನು.

"ಯಾವ ಬೆಳಿಗ್ಗೆ?"

ಅವನು ನಾದಿನಿಯ ಮುಖ ನೋಡಿದ. ನಾದಿನಿ ಮೇಜಿನ ಮುಖ ನೋಡಿದಳು. ಇಬ್ಬರೂ ಲಾಡ್ಜಿಗೆ ಮರಳಿ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದರು. ಹಾಲನ್ನು ಹಾಸ್ಟೆಲಕ್ಕ ಎರಡು ಸಲ ಮೂಸಿದ್ದಳು.

ಮಂಗಳವಾರ ಅಚ್ಚು ಸರಿ ಕೂರುತ್ತದೆಯೇ ಎಂದು ನೋಡಿಸಲು ಹೋದಾಗ ದಂತ ಕಾಲೇಜಿನ ನರ್ಸಮ್ಮ ಇನ್ನೊಂದು ಜಾಗ ಹೇಳಿದಳು. ಅಲ್ಲಿ ಯಾವಾಗಲೂ ಸಾಲು ಇರುತ್ತದಂತೆ, ತಲೆ ಮೇಲೆ ತಲೆ ಬಿದ್ದರೂ ಜನ ನಿಂತಿರುತ್ತಾರಂತೆ. ಹಾಸ್ಟೆಲಕ್ಕ ಸಾಲಿನಲ್ಲಿ ನಿಲ್ಲಲಿಲ್ಲ. ರಸ್ತೆಯ ಆಚೆ ಒಂದು ಬೆಂಚು ಹಿಡಿದು, ನಾದಿನಿಯನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಹಾಗೆ ಕಾಯತೊಡಗಿದಳು. ಅರ್ಧ ಗಂಟೆಯಾದ ಮೇಲೆ ನಾದಿನಿಯ ಮೊಣಕೈ ಹಿಡಿದಳು.

"ನೋಡಿದ್ಯಾ ಆ ಕೆಂಪು ಟೋಪಿಯವನನ್ನ? ಇದು ಮೂರನೇ ಸಲ. ಒಳಗೆ ಹೋಗ್ತಾನೆ, ಹೊರಗೆ ಬರ್ತಾನೆ, ತಿರುಗಿ ಸಾಲಿಗೆ ಸೇರ್ಕೋತಾನೆ. ಹೋಟೆಲಿನವರೇ ಕರೆತಂದು ನಿಲ್ಲಿಸಿರೋ ಜನ ಇದು."

"ಸಾಲು ನಿಲ್ಲೋಕೂ ಕೂಲಿ ಕೊಡ್ತಾರಾ ಅತ್ತಿಗೆ? ಹಾಗಿದ್ರೆ ನಂಗೂ ಒಂದು ಕೆಲಸ ಕೇಳಿ."

ನಾದಿನಿ ಎದ್ದವಳೇ ರಸ್ತೆ ದಾಟಿ ಕೆಂಪು ಟೋಪಿಯವನನ್ನು ನೇರವಾಗಿ ಮಾತಾಡಿಸಿ, ಅವನ ಜೊತೆ ನಕ್ಕು, ಮರಳಿ ಬಂದಳು. "ಮೇಲಿನ ಆಫೀಸಿನ ಜವಾನ ಅಂತೆ. ಸಾಹೇಬರಿಗೆ ಒಂದು ಸಲ, ಟೈಪ್ ಮಾಡೋ ಅಮ್ಮಂಗೆ ಒಂದು ಸಲ, ಈಗ ತನಗೆ. ಒಬ್ಬರಿಗೆ ಒಂದೇ ಪೊಟ್ಟಣ ಕೊಡ್ತಾರಂತೆ."

"ಅವನು ಹೇಳಿದ, ನೀನು ಕೇಳಿದೆ," ಎಂದಳು ಹಾಸ್ಟೆಲಕ್ಕ. ಆದರೂ ಒಳಗೊಳಗೇ ಒಂದು ಸಣ್ಣ ಇರುಸುಮುರುಸು ಆಗದಿರಲಿಲ್ಲ. ಅಷ್ಟು ಹೊತ್ತಿಗೆ ಹೋಟೆಲಿನವರು ಬಾಗಿಲು ಅರ್ಧ ಎಳೆದಿದ್ದರು. ಆ ಮಧ್ಯಾಹ್ನವೂ ಬ್ರೆಡ್ಡು ಹಾಲು.

ಬುಧವಾರ ನಾದಿನಿ ಹಟ ಹಿಡಿದಳು. ಇನ್ನು ಅತ್ತಿಗೆಯನ್ನು ನಂಬಿ ಕೂತರೆ ಗುರುವಾರ ಹೊಸ ಹಲ್ಲಿನಿಂದ ಲಾಡ್ಜಿನ ದಿಂಬು ಅಗಿಯಬೇಕಾಗುತ್ತದೆ ಎಂದು, ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ ಚಾಲಕನನ್ನೇ ಕೇಳಿದಳು. "ನೀವು ಎಲ್ಲಿ ಊಟ ಮಾಡ್ತೀರಣ್ಣಾ?"

"ನಾವೆಲ್ಲ ಡಿಪೋ ಹಿಂದೆ. ಕುಳ್ಳಮ್ಮನ ಹತ್ರ."

ಹಾಸ್ಟೆಲಕ್ಕ ಕೈಚೀಲವನ್ನು ಕಂಕುಳಿಗೆ ಒತ್ತಿಕೊಂಡಳು. ನಾದಿನಿ ಇನ್ನಿಬ್ಬರನ್ನು ಕೇಳಿದಳು. ಟಿಕೆಟ್ ತಪಾಸಣೆಯವನೂ ಅದನ್ನೇ ಹೇಳಿದ, ಹೂವಿನ ಅಂಗಡಿಯ ಮುದುಕನೂ ಅದನ್ನೇ ಹೇಳಿದ. ಬಾಯಿಪಾಠ ಮಾಡಿಸಿದ ಹಾಗೆ ಎಲ್ಲರ ಬಾಯಲ್ಲೂ ಒಂದೇ ಮಾತು.

"ಅಷ್ಟೂ ಜನ ಒಳ್ಳೇದು ಅಂದ್ರೆ ಅದರಲ್ಲಿ ಏನೋ ಇದೆ," ಎಂದಳು ಹಾಸ್ಟೆಲಕ್ಕ.

"ಒಳ್ಳೇ ಊಟ ಇರುತ್ತೆ ಅತ್ತಿಗೆ, ಇನ್ನೇನಿರುತ್ತೆ? ಮೊದಲ ದಿನ ಒಬ್ಬನೇ ಹೇಳಿದ ಅಂತ ಬೇಡ ಅಂದ್ರಿ. ಇವತ್ತು ಎಲ್ಲರೂ ಹೇಳಿದ್ರು ಅಂತ ಬೇಡ ಅಂತೀರಿ. ಎಷ್ಟು ಜನ ಹೇಳಬೇಕು ಅಂತ ಒಂದು ಲೆಕ್ಕ ಕೊಡಿ."

"ನಾಳೆ ನೋಡೋಣ," ಎಂದು ಹಾಸ್ಟೆಲಕ್ಕ ಲಾಡ್ಜಿನ ದಾರಿ ಹಿಡಿದಳು.

ಗುರುವಾರ ಹನ್ನೊಂದಕ್ಕೆ ಹಲ್ಲು ಬಂತು. ನಾದಿನಿ ಕನ್ನಡಿ ಕೈಬಿಡಲೊಲ್ಲಳು. ಡಾಕ್ಟರು ಮೊದಲ ದಿನ ಮೆತ್ತಗಿರುವುದನ್ನೇ ತಿನ್ನಬೇಕೆಂದು ಹೇಳುತ್ತಿದ್ದರೆ ತಲೆಯಾಡಿಸುತ್ತ ಕಿವಿ ಮುಚ್ಚಿಕೊಂಡವಳ ಹಾಗೆ ಕೂತಿದ್ದಳು. ಹನ್ನೆರಡೂವರೆಗೆ ಇಬ್ಬರೂ ಡಿಪೋ ಹಿಂದಿನ ಓಣಿಯಲ್ಲಿದ್ದರು. ಹಾಸ್ಟೆಲಕ್ಕ ಶಾಲನ್ನು ಹಣೆಯ ತನಕ ಎಳೆದುಕೊಂಡಿದ್ದಳು.

"ಇಷ್ಟು ಸೆಕೆಯಲ್ಲಿ ಶಾಲು ಯಾಕೆ?"

"ತಲೆನೋವು. ಒಳಗೆ ನೀನೇ ಮಾತಾಡು. ನಾನು ಬಾಯಿ ಬಿಡಲ್ಲ."

ಮೊದಲು ಹಿತ್ತಿಲು ನೋಡಿದಳು. ಒರೆಸುವ ಬಟ್ಟೆಗಳು ತಂತಿಯ ಮೇಲೆ ಸಾಲಾಗಿ ಬಿಸಿಲು ಕಾಯುತ್ತಿದ್ದವು. ಸಿಪ್ಪೆ ಇವತ್ತಿನದೇ. ಕಟ್ಟೆಯ ಮೇಲೆ ಅಡುಗೆಯವಳೊಬ್ಬಳು ಅಲ್ಲಿಯ ಅನ್ನವನ್ನೇ, ಅಲ್ಲಿಯ ತಟ್ಟೆಯಲ್ಲೇ ಉಣ್ಣುತ್ತಿದ್ದಳು. ತಪ್ಪು ಹುಡುಕಲು ಬಂದವಳಿಗೆ ಇದರಿಂದ ಸಮಾಧಾನವಾಗುವ ಬದಲು ಸಂಶಯವೇ ಹೆಚ್ಚಾಯಿತು. ಇಷ್ಟೊಂದು ಚೊಕ್ಕಟವಾಗಿ ಇಟ್ಟುಕೊಂಡಿದ್ದಾಳೆಂದರೆ ನಾನು ಬರುತ್ತೇನೆಂದು ಮೊದಲೇ ಸುಳಿವು ಸಿಕ್ಕಿತೇ.

ಒಳಗೆ ಉದ್ದ ಬೆಂಚುಗಳು. ಖಾಕಿ ಅಂಗಿಯ ಜನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯೇ ಇರಲಿಲ್ಲ, ಒಂದು ಕಲ್ಲಿನ ಕಟ್ಟೆ ಮಾತ್ರ. ಅದರ ಹಿಂದೆ ಮಣೆಯ ಮೇಲೆ ನಿಂತು ಕುಳ್ಳಿ ಹಂಡೆಗೆ ಸೌಟು ಹಾಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಪೊರೆ. ಹಾಗಾದರೆ ಕಾಗದದಲ್ಲಿ ಬರೆಸಿದ್ದರಲ್ಲಿ ಅದಷ್ಟು ನಿಜ ಎಂದುಕೊಂಡಳು ಹಾಸ್ಟೆಲಕ್ಕ. ಕಟ್ಟೆಗೆ ಅಂಟಿಕೊಂಡಂತಿದ್ದ ಬೆಂಚಿನ ಮೇಲೆಯೇ ಜಾಗ ಸಿಕ್ಕಿತು.

ಅನ್ನ, ಬಿಸಿ ಸಾರು, ಸೊಪ್ಪು, ಗರಿಗರಿಯಾಗಿ ಸುಟ್ಟ ರೊಟ್ಟಿ ಬಂದವು. ನಾದಿನಿ ರೊಟ್ಟಿ ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ಕರುಕುರು ಎನ್ನಿಸಿದಳು. ಎರಡು ವರ್ಷದ ಮೇಲೆ ಆ ಸದ್ದು ಅವಳ ಬಾಯಿಂದಲೇ ಬಂತು. ಹಾಸ್ಟೆಲಕ್ಕ ಸಾರಿನ ಒಂದು ತೊಟ್ಟು ನಾಲಿಗೆಯ ಮೇಲಿಟ್ಟಳು. ಹದಿನೈದು ವರ್ಷ ಪಕ್ಕದಲ್ಲಿ ನಿಂತು ಉಂಡ ಕೈರುಚಿ, ಉಪ್ಪಿನ ಒಂದು ಹರಳೂ ಬದಲಾಗಿರಲಿಲ್ಲ. ಎರಡನೆಯ ತುತ್ತಿಗೆ ಕೈ ತಾನೇ ಹೋಯಿತು.

"ಹೊಸಬರು ಅಲ್ವಾ," ಕುಳ್ಳಿ ಕಟ್ಟೆಯಾಚೆಯಿಂದ ಸದ್ದು ಬಂದ ಕಡೆ ಮುಖ ಮಾಡಿದಳು. "ನನ್ನ ರೊಟ್ಟಿಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ."

"ಹಲ್ಲು ಇವತ್ತೇ ಬಂದಿದ್ದಮ್ಮಾ. ಅನ್ನಪ್ರಾಶನ ನಿಮ್ಮ ಮನೆಯಲ್ಲೇ ಆಯ್ತು."

ಬೆಂಚಿಗೆ ಬೆಂಚೇ ನಕ್ಕಿತು. ಕುಳ್ಳಿಯೂ ನಕ್ಕಳು. "ಜೊತೆಗೆ ಇನ್ನೊಬ್ಬರು ಇದ್ದ ಹಾಗಿದೆ. ಅವರಿಗೆ ಮಾತು ಬರಲ್ವಾ?"

"ಬರುತ್ತೆ. ನಂಬಿಕೆ ಬರಲ್ಲ. ಊಟ ಮುಗಿಯೋವರೆಗೂ ಹೀಗೇ."

ಹಾಸ್ಟೆಲಕ್ಕ ಮೇಜಿನ ಕೆಳಗೆ ನಾದಿನಿಯ ಕಾಲು ಮೆಟ್ಟಿದಳು.

ಅಷ್ಟರಲ್ಲಿ ಎರಡನೆಯ ಹಂಡೆಗೆ ಅಕ್ಕಿ ಹಾಕುವ ಹೊತ್ತಾಯಿತು. ಹಿತ್ತಿಲ ಕಟ್ಟೆಯ ಮೇಲೆ ಉಣ್ಣುತ್ತಿದ್ದ ಅಡುಗೆಯವಳು ಕೈತೊಳೆದು ಬಂದು ಅಳತೆ ಡಬ್ಬ ತಂದುಕೊಟ್ಟಳು. ಕುಳ್ಳಿ ಅಕ್ಕಿಗೆ ಕೈ ಹಾಕುವ ಮೊದಲು ಡಬ್ಬವನ್ನು ಕಲ್ಲಿನ ಮೇಲೆ ಇಟ್ಟಳು. ಅಂಚನ್ನು ಎರಡು ಬೆರಳಿನಿಂದ ಒತ್ತಿದಳು, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಡಬ್ಬ ಅಲುಗಲಿಲ್ಲ. ಆಮೇಲೆ ಒಳಗೆ ಕೈಬಿಟ್ಟು ತಳವನ್ನು ಅಂಗೈಯಿಂದ ಸವರಿ, ಅಳೆಯಲು ಶುರು ಮಾಡಿದಳು.

"ಅದೇನಮ್ಮಾ, ಡಬ್ಬಕ್ಕೆ ನಾಡಿ ನೋಡ್ತೀರಾ?" ನಾದಿನಿ ಕೇಳಿದಳು.

"ದಿನಾ ನೋಡ್ತೀನಿ. ಕಲ್ಲಿನ ಮೇಲೆ ಕುಣೀತು ಅಂದ್ರೆ ತಳ ಹೊರಗೆ ಉಬ್ಬಿದೆ ಅಂತ. ತಳ ಉಬ್ಬಿದ್ರೆ ಒಂದೊಂದು ಅಳತೆಗೂ ಒಂದು ಹಿಡಿ ಜಾಸ್ತಿ ಹಿಡಿಯುತ್ತೆ. ನೋಡೋರಿಗೆ ಗೊತ್ತಾಗಲ್ಲ. ತಿಂಗಳ ಕೊನೆಗೆ ಮೂಟೆ ಎಲ್ಲಿ ಹೋಯ್ತು ಅಂತ ಒಬ್ಬರ ಮುಖ ಒಬ್ಬರು ನೋಡ್ಕೋಬೇಕು. ನಂಗೆ ಒಂದು ಕಡೆ ಹೀಗೇ ಕೆಲಸ ಹೋಯ್ತು. ಯಾಕೆ ಅಂತ ಎರಡು ವರ್ಷ ಕೂತು ಯೋಚನೆ ಮಾಡಿದ ಮೇಲೆ ಹೊಳೀತು."

ಹಾಸ್ಟೆಲಕ್ಕನ ಕೈ ತಟ್ಟೆಯ ಮೇಲೆ ನಿಂತಿತು.

ಹಾಸ್ಟೆಲಿನ ಅಳತೆ ಡಬ್ಬ ಒಮ್ಮೆ ಬಿದ್ದು ತಳ ಒಳಕ್ಕೆ ತಗ್ಗಿತ್ತು. ತಗ್ಗಿನ ಸುತ್ತಲ ಸಂದಿಯಲ್ಲಿ ದೂಳು ಕೂರುತ್ತಿತ್ತು, ಹುಳು ಅಡಗುತ್ತಿದ್ದವು. ಅವಳಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಡಬ್ಬವನ್ನು ಮರಳಿನ ಮೇಲಿಟ್ಟು, ಒಳಗಿನಿಂದ ಕಬ್ಬಿಣದ ಕುಟ್ಟಾಣಿಯಿಂದ ಬಡಿದು ಬಡಿದು ತಗ್ಗು ತೆಗೆದವಳು ಅವಳೇ. ಸ್ವಲ್ಪ ಹೆಚ್ಚೇ ಬಡಿದಿದ್ದಳು. ಮರುದಿನದಿಂದ ಉಗ್ರಾಣದ ನೆಲದ ಮೇಲೆ ಡಬ್ಬ ಟಕಟಕ ಎನ್ನುತ್ತಿತ್ತು. ಅದೇ ತಿಂಗಳು ಅನ್ನ ಮಿಕ್ಕಿ ಮಿಕ್ಕಿ ಬಕೆಟ್ಟುಗಟ್ಟಲೆ ಹೊರಗೆ ಸುರಿದದ್ದು, ಮಕ್ಕಳು ಸರಿಯಾಗಿ ಉಣ್ಣುತ್ತಿಲ್ಲವೆಂದು ತಾನು ಊಟದ ಮನೆಯ ನಡುವೆ ನಿಂತು ಬೈದದ್ದು, ಕುಳ್ಳಿ ಹೋದ ಮೇಲೆ ವಾರ್ಡನ್ ಹೊಸ ಡಬ್ಬ ತರಿಸಿದೊಡನೆ ಕೊರತೆ ನಿಂತದ್ದು, ಎಲ್ಲವೂ ಒಂದರ ಹಿಂದೆ ಒಂದು ಬಂದು ನಿಂತವು. ಒಂಬತ್ತು ವರ್ಷ ಊರಿನವರನ್ನೆಲ್ಲ ಸಂಶಯಿಸಿದ್ದಳು. ಆ ಕುಟ್ಟಾಣಿ ಹಿಡಿದ ಕೈಯ ಕಡೆ ಒಂದು ದಿನವೂ ನೋಡಿರಲಿಲ್ಲ.

"ಯಾರು ಬಡಿದು ಉಬ್ಬಿಸಿದ್ದು?" ನಾದಿನಿ ರೊಟ್ಟಿ ಅಗಿಯುತ್ತಲೇ ಕೇಳಿದಳು.

"ಯಾರೋ. ಶುಚಿಯ ಹುಚ್ಚು ಇರೋರು ಯಾರೋ ಇರಬೇಕು," ಎಂದಳು ಕುಳ್ಳಿ. ಪೊರೆ ಕವಿದ ಕಣ್ಣು ಕಿಟಕಿಯ ಕಡೆಗಿತ್ತೋ ಶಾಲಿನ ಕಡೆಗಿತ್ತೋ ಹೇಳಲಾಗದು. ಇವಳಿಗೆ ನಾನೆಂದು ಗೊತ್ತಾಗಿದೆಯೇ. ಗೊತ್ತಾಗಿಯೇ ಈ ಕಥೆ ಹೇಳುತ್ತಿದ್ದಾಳೆಯೇ. ಇಲ್ಲ, ಬಂದ ಹೊಸಬರಿಗೆಲ್ಲ ಹೇಳುವ ಕಥೆಯೋ. ಹಾಸ್ಟೆಲಕ್ಕ ಆ ಮುಖದಲ್ಲಿ ಎಷ್ಟು ಹುಡುಕಿದರೂ ಬಿಸಿಯ ಬೆವರು ಬಿಟ್ಟು ಇನ್ನೇನೂ ಸಿಗಲಿಲ್ಲ.

ಹೊರಗೆ ಬಂದು ಓಣಿಯ ತಿರುವಿನಲ್ಲಿ ಅವಳು ಶಾಲು ತೆಗೆದಳು. ಅಲ್ಲೇ ಗೋಡೆಗೆ ಒರಗಿ, ಕಾಗದ, ಬೀಗದಕೈ, ವಾರ್ಡನ್ ಮುಂದೆ ಆಡಿದ ಮಾತು, ಕುಟ್ಟಾಣಿ, ಎಲ್ಲವನ್ನೂ ಒಂದೇ ಉಸಿರಿಗೆ ನಾದಿನಿಗೆ ಹೇಳಿದಳು. ನಾದಿನಿ ಊಟದ ಮನೆಯ ಬಾಗಿಲಿನ ಕಡೆ ಕೈ ತೋರಿಸಿದಳು.

"ಹತ್ತು ಹೆಜ್ಜೆ ಅತ್ತಿಗೆ. ಹೋಗಿ ಹೇಳಿ ಬನ್ನಿ."

"ಬಾಯಲ್ಲಿ ಬೇಡ ಕಣೇ. ಬಾಯಲ್ಲಿ ಹೇಳಿದ್ರೆ ನಂಗೆ ಗೊತ್ತಿರಲಿಲ್ಲ, ಅಂತೇನೋ ಒಂದು ಬಾಲ ಸೇರಿಸಿಬಿಡ್ತೀನಿ. ಆವತ್ತೂ ಬಾಯೇ ಕೆಲಸ ಕೆಡಿಸಿದ್ದು. ಅದೂ ಅಲ್ದೆ ನಾನು ಎದುರಿಗೆ ನಿಂತಿದ್ರೆ ಅವಳು ಹೋಗ್ಲಿ ಬಿಡಕ್ಕಾ ಅಂದುಬಿಡ್ತಾಳೆ. ಕೋಪ ಮಾಡ್ಕೊಳ್ಳೋಕೆ ಅವಳಿಗೂ ಪುರುಸೊತ್ತು ಬೇಕಲ್ವಾ."

"ಅವಳಿಗೆ ಓದೋಕೆ ಬರಲ್ಲ ಅಂತೀರಿ."

"ಅದಕ್ಕೇ."

ಅಂಚೆ ಕಚೇರಿ ಡಿಪೋದ ಎದುರಿಗೇ ಇತ್ತು. ದಾರ ಕಟ್ಟಿದ ಪೆನ್ನು, ಮಸಿ ಕಲೆಯ ಓರೆ ಮೇಜು. ಹಾಸ್ಟೆಲಕ್ಕ ನಿಂತುಕೊಂಡೇ, ಯಾರು ಓದಿದರೂ ತಡವರಿಸದ ಹಾಗೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು.

"ಕುಳ್ಳಿ, ಇದನ್ನು ಒಬ್ಬಳೇ ಕೇಳಬೇಡ. ಬೆಂಚು ತುಂಬಿರುವಾಗ, ಎಲ್ಲರ ಎದುರಿಗೆ, ಗಟ್ಟಿಯಾಗಿ ಓದಿಸು. ಹಾಸ್ಟೆಲಿನ ಅಳತೆ ಡಬ್ಬದ ತಳ ಬಡಿದು ಉಬ್ಬಿಸಿದವಳು ನಾನು. ಅಕ್ಕಿ ಯಾರೂ ಕದ್ದಿರಲಿಲ್ಲ. ಬೀಗದಕೈ ನಿನ್ನ ಸೊಂಟದಲ್ಲಿತ್ತು ಎಂದು ಹೇಳಿದವಳೂ ನಾನೇ. ವಾರ್ಡನ್ನರಿಗೂ ಇದನ್ನೇ ಬರೆಯುತ್ತೇನೆ. ಗುರುವಾರ ನಿನ್ನ ಊಟದ ಮನೆಯಲ್ಲಿ ಬಾಯಿ ಬಿಡದೆ ಉಂಡು ಹೋದವಳು ನಾನು. ಇಷ್ಟು ಕೇಳಿದ ಮೇಲೂ ಬಾ ಎಂದರೆ ಬರುತ್ತೇನೆ. ಬೀಗದಕೈ ಬೇಡ. ಸೌಟು ಸಾಕು."

ಇನ್ನೊಂದು ಸಾಲು ಬರೆಯಲು ಪೆನ್ನು ಇಟ್ಟವಳು ಎತ್ತಿಬಿಟ್ಟಳು. ಮಡಿಸಿ ಲಕೋಟೆಗೆ ಹಾಕಿದಳು. ಐದು ತಿಂಗಳು ಚೀಲದಲ್ಲಿ ಉರುಳಾಡಿ ಅಂಚೆಚೀಟಿಯ ಮೂಲೆ ಎದ್ದಿತ್ತು. ಅಂಟು ಹಚ್ಚಿ ಹೆಬ್ಬೆರಳಿನಿಂದ ಒತ್ತಿದಳು. ಗೋಡೆಯ ಅಂಚೆ ಡಬ್ಬದ ಬಾಯಿಯವರೆಗೆ ಒಯ್ದು, ಕೈ ಹಿಂದಕ್ಕೆ ತೆಗೆದಳು.

"ಈಗ ಏನಾಯ್ತು?" ನಾದಿನಿ ಕೇಳಿದಳು. "ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ ಇದೆ."

"ಇದನ್ನು ಯಾವಾಗ ತೆಗೀತಾರೋ, ತೆಗೀತಾರೋ ಇಲ್ವೋ."

ಅವಳು ನೇರವಾಗಿ ಕಿಟಕಿಯ ಗುಮಾಸ್ತನ ಬಳಿಗೆ ಹೋಗಿ ಲಕೋಟೆಯನ್ನು ಒಳಗೆ ತಳ್ಳಿದಳು. "ಮೊಹರು ನನ್ನ ಕಣ್ಣೆದುರಿಗೇ ಹಾಕಿ ಸ್ವಾಮಿ."

ಗುಮಾಸ್ತ ವಿಳಾಸ ಓದಿ, ಕಿಟಕಿಯಿಂದ ಹೊರಗೆ, ಡಿಪೋ ಕಡೆಗೊಮ್ಮೆ ನೋಡಿದ. "ಅಮ್ಮಾ, ಇದು ಇಲ್ಲೇ ಎದುರಿಗೆ. ನಡ್ಕೊಂಡು ಹೋಗಿ ಕೊಟ್ರೆ ಎರಡು ನಿಮಿಷ."

"ಗೊತ್ತು. ನೀವು ಹಾಕಿ."

ಅವನು ಮೊಹರು ಎತ್ತಿ ಕುಟ್ಟಿದ, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದ. ಚೀಲದ ಬಾಯಿ ಕಟ್ಟುವವರೆಗೂ ಹಾಸ್ಟೆಲಕ್ಕ ಕಿಟಕಿ ಬಿಟ್ಟು ಕದಲಲಿಲ್ಲ.